ಟ್ಯೂಬಿಂಗನ್ ಊರಿನ ಲಾಂಛನದಲ್ಲಿರುವ ಮೂರು ನಾಲಿಗೆಯ ಕೆಂಪು ಬಟ್ಟೆ ಏನು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಜರ್ಮನಿಯ ಟ್ಯೂಬಿಂಗನ್‌ಗೆ ಓದೋಕೆ ಬಂದು ಎರಡು ತಿಂಗಳಾಯ್ತು. ಈ ಊರಿನ ಲಾಂಛನದಲ್ಲಿ ಒಂದು ಹಳದಿ ಗುರಾಣಿ ಇದೆ. ಅದರೊಳಗೆ ಕೆಂಪು ಬಣ್ಣದ್ದು ಏನೋ ಒಂದು. ಕೆಳಗೆ ಮೂರು ನಾಲಿಗೆ ಇಳಿಬಿಟ್ಟ ಹಾಗೆ, ಮೇಲೆ ಮೂರು ಬಳೆ. ನನ್ನ ರೂಮ್‌ಮೇಟ್ ಅದು ತಲೆಕೆಳಗಾದ ಕೋಟೆ ಅಂತಾನೆ. ನನಗಂತೂ ಬಣ್ಣ ನೋಡಿದ ತಕ್ಷಣ ನಮ್ಮ ಕನ್ನಡ ಬಾವುಟ ನೆನಪಾಯ್ತು. ನೀವು ಹಳೆ ಮುದ್ರೆ, ಲಾಂಛನಗಳ ಕೆಲಸ ಮಾಡೋರು, ಅದಕ್ಕೇ ಕೇಳ್ತಿದ್ದೀನಿ.

ಉತ್ತರ: ಬಳೆಗಳನ್ನು ಗಮನಿಸಿದ್ದೀರಲ್ಲ, ಗುಟ್ಟು ಇರೋದೇ ಅಲ್ಲಿ. ಅದು ಕೋಟೆ ಅಲ್ಲ, ಬಾವುಟ. ಈಗ ನಾವು ಬಾವುಟವನ್ನು ಕಂಬದ ಒಂದು ಪಕ್ಕಕ್ಕೆ ಕಟ್ಟುತ್ತೇವೆ. ಇದನ್ನು ಅಡ್ಡ ಕೋಲಿಗೆ ಬಳೆ ಹಾಕಿ ನೇತುಬಿಡುತ್ತಿದ್ದರು, ಬಾಗಿಲ ಪರದೆ ಹಾಗೆ. ಗಾಳಿ ಇಲ್ಲದಿದ್ದರೂ ಮುದುಡಿಕೊಳ್ಳುವುದಿಲ್ಲ, ದೂರದಿಂದಲೇ ಕಾಣುತ್ತದೆ. ಇದರ ಹೆಸರು ಗೊನ್‌ಫನೋನ್. ಹಳೆಯ ಜರ್ಮನಿಕ್ ಮಾತಿನಲ್ಲಿ 'ಗುಂಡ್' ಅಂದರೆ ಕಾಳಗ, 'ಫಾನೊ' ಅಂದರೆ ಬಟ್ಟೆ. ಒಟ್ಟಿನಲ್ಲಿ ಕಾಳಗದ ಬಾವುಟ.

ಇದು ಮೊದಲು ಊರಿನದ್ದಲ್ಲ, ಊರನ್ನು ಆಳುತ್ತಿದ್ದ ಮನೆತನದ್ದು. ಟ್ಯೂಬಿಂಗನ್‌ನ ದೊರೆಗಳು 1146ರ ಹೊತ್ತಿಗೆ ಪ್ಫಾಲ್ಟ್ಸ್‌ಗ್ರಾಫ್ ಅನ್ನಿಸಿಕೊಂಡರು. ಅಂದರೆ ಅರಸನ ಪರವಾಗಿ ಅಧಿಕಾರ ನಡೆಸುವವರು. ಆಮೇಲೆ ಮನೆತನ ಸಾಲದಲ್ಲಿ ಮುಳುಗಿತು. 1342ರಲ್ಲಿ ಕೋಟೆ, ಊರು ಎರಡನ್ನೂ 20,000 ಪೌಂಡ್ ಹೆಲ್ಲರ್‌ಗೆ (ಹೆಲ್ಲರ್ ಅಂದರೆ ಆಗಿನ ನಾಣ್ಯ) ವುರ್ಟೆಂಬರ್ಗ್ ಸೀಮೆಯ ದೊರೆಗೆ ಮಾರಿಬಿಟ್ಟರು. ಊರು ಕೈ ಬದಲಾಯಿಸಿತು, ಆದರೆ ಜನ ಹಳೆ ದೊರೆಗಳ ಬಾವುಟವನ್ನೇ ಇಟ್ಟುಕೊಂಡರು. ನನಗೆ ಈ ಲಾಂಛನದಲ್ಲಿ ತುಂಬಾ ಇಷ್ಟವಾಗುವ ವಿಷಯ ಇದು.

ಹತ್ತಿರದ ಹೆರೆನ್‌ಬರ್ಗ್‌ಗೋ ಬೋಬ್ಲಿಂಗನ್‌ಗೋ ಹೋದರೆ ಅಲ್ಲೂ ಇದೇ ಬಾವುಟ ಸಿಗುತ್ತದೆ. ಅವೂ ಈ ಮನೆತನದ ಊರುಗಳೇ. ಇದೇ ಮನೆತನದ ಇನ್ನೊಂದು ಕವಲು ಮೋಂಟ್‌ಫೋರ್ಟ್. ಅವರಿಂದಾಗಿ ಆಸ್ಟ್ರಿಯಾದ ಫೊರಾರ್ಲ್‌ಬರ್ಗ್ ರಾಜ್ಯದ ಲಾಂಛನದಲ್ಲೂ ಕೆಂಪು ಬಾವುಟ ಇದೆ, ಹಿಂದಿನ ಬಣ್ಣ ಮಾತ್ರ ಬಿಳಿ.

ಇನ್ನು ಬಣ್ಣದ ಮಾತು. ಲಾಂಛನದಲ್ಲಿ ಹಳದಿ ಅಂದರೆ ಚಿನ್ನ, ಬಿಳಿ ಅಂದರೆ ಬೆಳ್ಳಿ. ಲೋಹದ ಮೇಲೆ ಬಣ್ಣ ಬರಬೇಕು, ಇಲ್ಲ ಬಣ್ಣದ ಮೇಲೆ ಲೋಹ. ಬಣ್ಣದ ಮೇಲೆ ಬಣ್ಣ ಇಟ್ಟರೆ ದೂರದಿಂದ ಕಾಣುವುದಿಲ್ಲ. ಹಾಗಾಗಿ ಚಿನ್ನದ ಮೇಲೆ ಕೆಂಪು. ನಮ್ಮ ಬಾವುಟಕ್ಕೂ ಇದಕ್ಕೂ ನಂಟಿಲ್ಲ. ಆದರೆ ಕನ್ನಡಕ್ಕೂ ಈ ಊರಿಗೂ ಗಟ್ಟಿ ನಂಟು ಇದೆ. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಮೋಗ್ಲಿಂಗ್ ಓದಿದ್ದು ಇಲ್ಲೇ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿದ್ದು ನಿಮ್ಮದೇ ಯೂನಿವರ್ಸಿಟಿ. ಅವರು 1903ರಲ್ಲಿ ತೀರಿಕೊಂಡಿದ್ದೂ ಟ್ಯೂಬಿಂಗನ್‌ನಲ್ಲೇ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಕೆಲವು ಕಡೆ ಗುರಾಣಿಯ ಮೇಲೆ ಎರಡು ಕೈ ಅಡ್ಡಡ್ಡ ಇರುತ್ತೆ, ಕೈಯಲ್ಲಿ ಕೊಂಬು. ಅದು ಬೇಟೆಯ ಗುರುತಾ?

ಉತ್ತರ: ಬೇಟೆ ಅಲ್ಲ. ಅದು 1514ರಲ್ಲಿ ಸಿಕ್ಕ ಬಹುಮಾನ. ಅದರ ಕಥೆ ಅಷ್ಟು ಚೆಂದದ್ದಲ್ಲ, ಆದರೂ ಹೇಳಲೇಬೇಕು.

ಆಗ ವುರ್ಟೆಂಬರ್ಗ್ ಆಳುತ್ತಿದ್ದವನು ಡ್ಯೂಕ್ ಉಲ್ರಿಖ್. ಸಿಕ್ಕಾಪಟ್ಟೆ ಸಾಲ ಮಾಡಿಕೊಂಡಿದ್ದ. ದುಡ್ಡು ಎತ್ತೋಕೆ ತಕ್ಕಡಿಯ ತೂಕದ ಬಟ್ಟುಗಳನ್ನೇ ಹಗುರ ಮಾಡಿಸಿದ. ಬೆಲೆ ಅಷ್ಟೇ, ಮಾಂಸ, ಹಿಟ್ಟು ಮಾತ್ರ ಕಮ್ಮಿ. ಬಡವರ ಹೊಟ್ಟೆಗೆ ಹೊಡೆದ ಹಾಗಾಯ್ತು. ಬಾಯ್ಟೆಲ್ಸ್‌ಬಾಖ್ ಅನ್ನುವ ಊರಲ್ಲಿ ಪೀಟರ್ ಗೈಸ್ ಎಂಬಾತ ಆ ಹೊಸ ಬಟ್ಟುಗಳನ್ನು ಹೊಳೆಗೆ ಎಸೆದನಂತೆ. ತೇಲಿದರೆ ಡ್ಯೂಕ್ ಸರಿ, ಮುಳುಗಿದರೆ ರೈತರು ಸರಿ ಅಂತ. ಕಬ್ಬಿಣ ತೇಲುತ್ತದೆಯೇ? ಹಾಗೆ ಶುರುವಾದ ದಂಗೆಗೆ 'ಬಡ ಕೊನ್ರಾಡ್' ಅಂತ ಹೆಸರು.

ಟ್ಯೂಬಿಂಗನ್ ಮಾತ್ರ ಡ್ಯೂಕನ ಕಡೆ ನಿಂತಿತು. ಜುಲೈನಲ್ಲಿ ಇಲ್ಲೇ ಒಪ್ಪಂದ ಆಯಿತು. ಊರುಗಳ ಮುಖಂಡರು ಅವನ ಸಾಲ ಹೊತ್ತುಕೊಂಡರು. ಬದಲಿಗೆ ವಿಚಾರಣೆ ಇಲ್ಲದೆ ಯಾರಿಗೂ ಶಿಕ್ಷೆ ಇಲ್ಲ, ಬೇಕಾದವರು ನಾಡು ಬಿಟ್ಟು ಹೋಗಬಹುದು ಅನ್ನುವಂಥ ಹಕ್ಕುಗಳು ಸಿಕ್ಕವು. ಅತ್ತ ಶೋರ್ನ್‌ಡೋರ್ಫ್‌ನಲ್ಲಿ ದಂಗೆಯ ಮುಂದಾಳುಗಳ ತಲೆ ಕಡಿದರು. ಅದೇ ವರ್ಷ ಉಲ್ರಿಖ್ ಈ ಊರಿನ ನಿಷ್ಠೆ ಮೆಚ್ಚಿ ಆ ಕೈಗಳನ್ನು ಕೊಟ್ಟ. ಅಂಗಿಯ ತೋಳು ನೋಡಿ: ಉಬ್ಬಿದ, ಅಲ್ಲಲ್ಲಿ ಬಟ್ಟೆ ಸೀಳಿದ ತೋಳು, ಆ ಕಾಲದ ಸೈನಿಕರ ಉಡುಗೆ. ಕೈಯಲ್ಲಿರುವುದು ವುರ್ಟೆಂಬರ್ಗ್ ಮನೆತನದ ಜಿಂಕೆ ಕೊಂಬು. ಪೋರ್ಶೆ ಕಾರಿನ ಲಾಂಛನದಲ್ಲಿರುವ ಕೊಂಬೂ ಅದೇ. 'ನಿಷ್ಠೆಯ ಗುರುತು' ಅಂತ ಹೇಳಿ ಇದನ್ನು ಮುಗಿಸಿಬಿಡುತ್ತಾರೆ. ನನಗೆ ಅದು ಸಾಲದು. ಹಕ್ಕುಪತ್ರದ ಜೊತೆ ಆ ರೈತರ ನೆನಪೂ ಆ ಕೈಗಳಲ್ಲಿದೆ.

ಮೊದಲ ಪ್ರಶ್ನೆ ಕೇಳಿದವರು: ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರಲಿಲ್ಲ ಮೇಡಂ. ಹಾಗಾದರೆ ಬೆಟ್ಟದ ಮೇಲಿನ ಕೋಟೆಯ ಬಾಗಿಲಿನಲ್ಲಿ ಬೇರೆ ದೊಡ್ಡ ಲಾಂಛನ ಇದೆಯಲ್ಲ? ಅದರಲ್ಲಿ ಬಾವುಟ ಕಾಣಲಿಲ್ಲ.

ಉತ್ತರ: ಅದು ಊರಿನದ್ದಲ್ಲ, ವುರ್ಟೆಂಬರ್ಗ್ ಡ್ಯೂಕ್ ಫ್ರೀಡ್ರಿಖ್‌ನದು. ಬಾಗಿಲು 1607ರ ಹೊತ್ತಿನದು. ಗುರಾಣಿಯನ್ನು ನಾಲ್ಕು ಮನೆ ಮಾಡಿದ್ದಾರೆ. ಒಂದರಲ್ಲಿ ಜಿಂಕೆ ಕೊಂಬು, ಒಂದರಲ್ಲಿ ಟೆಕ್ ಸೀಮೆಯ ಚೌಕಳಿ, ಇನ್ನೊಂದರಲ್ಲಿ ಹದ್ದಿನ ಬಾವುಟ, ಅದು ಪವಿತ್ರ ರೋಮನ್ ಸಾಮ್ರಾಜ್ಯದ್ದು. ಕೊನೆಯದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಮೀನು, ಈಗ ಫ್ರಾನ್ಸ್‌ನಲ್ಲಿರುವ ಮೋಂಬೆಲಿಯಾರ್ ಸೀಮೆಯದು. ಸುತ್ತ ಬೆಲ್ಟ್ ಥರ ಇರುವುದು ಇಂಗ್ಲೆಂಡಿನ ಗಾರ್ಟರ್ ಅನ್ನುವ ನೈಟ್ ಪದವಿಯ ಗುರುತು. ಶನಿವಾರ ಬಿಸಿಲಿದ್ದರೆ ಹೋಗಿ ನೋಡಿ. ಮೊದಲು ಮೀನು ಹುಡುಕಿ, ಉಳಿದದ್ದು ತಾನಾಗಿ ಕಾಣುತ್ತದೆ.