ಮಹಡಿ ಮನೆ ಖಾಲಿ ಇದೆ

ಕೋಲಾರದ ನಮ್ಮ ಮನೆಯ ಗುಂಪು, ಭಾನುವಾರ ಬೆಳಿಗ್ಗೆ. ಚಿಕ್ಕಪ್ಪ ಒಂದು ವಿಡಿಯೋ ಹಾಕಿದ್ದರು. ಮಂಗಳಮುಖಿಯರು, ಸಲಿಂಗಿಗಳು ಎಲ್ಲರೂ ‘ಪರದೇಶದಿಂದ ಬಂದ ರೋಗ’ವಂತೆ.

ಚಿಕ್ಕಪ್ಪ: ಪೂರ್ತಿ ನೋಡಿ. ಮಕ್ಕಳಿಗೂ ತೋರಿಸಿ.

ನಾನು: ಪರದೇಶದಿಂದ ಬಂದದ್ದು ಕಾನೂನು ಚಿಕ್ಕಪ್ಪ. 377ನೇ ಕಲಂ ಬ್ರಿಟಿಷರು 1860ರಲ್ಲಿ ತಂದದ್ದು. ಇಬ್ಬರು ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಲು 2018 ಆಯಿತು.

ಭಾವ: ಕೋರ್ಟ್ ಮಾತು ಬಿಡು. ನಮ್ಮ ಸಂಪ್ರದಾಯದಲ್ಲಿ ಎಲ್ಲಿದೆ?

ನಾನು: ಮಳೆ ಕೈಕೊಟ್ಟಾಗ ಕುಮಾರವ್ಯಾಸನ ವಿರಾಟಪರ್ವ ಓದಿಸುತ್ತಾರಲ್ಲ, ಅದರಲ್ಲಿ ಬಳೆ ತೊಟ್ಟು ನಾಟ್ಯ ಕಲಿಸುವುದು ಯಾರು?

ಚಿಕ್ಕಪ್ಪ: ಅದು ಊರ್ವಶಿ ಶಾಪ ಕಣಮ್ಮ. ಒಂದು ವರ್ಷಕ್ಕೆ ಅಷ್ಟೇ.

ಅತ್ತೆ: ಮಂಜಮ್ಮ ಜೋಗತಿಗೂ ಶಾಪಾನಾ? 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಲ್ಲಿ ದೃಷ್ಟಿ ತೆಗೆದರು. ಟಿವಿ ಮುಂದೆ ನೀನೇ ಚಪ್ಪಾಳೆ ತಟ್ಟಿದೆ.

ಚಿಕ್ಕಪ್ಪ: ಅಕ್ಕಾ, ಅದು ಎಲ್ಲಮ್ಮನ ಸೇವೆ. ಭಕ್ತಿ.

ಭಾವ: ಜೋಗತಿ ಬೇರೆ, ಇಬ್ಬರು ಗಂಡಸರು ಸಂಸಾರ ಮಾಡುವುದು ಬೇರೆ. ಎರಡನ್ನೂ ಒಂದೇ ಮೂಟೆಗೆ ತುಂಬಬೇಡಿ.

ನಾನು: ಒಪ್ಪಿದೆ ಭಾವ. ಆದರೆ ತುಂಬಿದ್ದು ಆ ವಿಡಿಯೋ, ನಾನಲ್ಲ. ಎರಡನೆಯದೂ ಹೊಸದೇನಲ್ಲ. ಹಳೆಯ ಗ್ರೀಸಿನ ಥೀಬ್ಸ್‌ನಲ್ಲಿ 150 ಗಂಡು ಜೋಡಿಗಳ ಒಂದು ಪಡೆಯೇ ಇತ್ತಂತೆ.

ತಮ್ಮ: ಅಕ್ಕ, ಅದು ಪರದೇಶವೇ ಅಲ್ವಾ 😂

ನಾನು: ಸಿಕ್ಕಿಬಿದ್ದೆ. ಸರಿ, ಕಾಮಸೂತ್ರದಲ್ಲೂ ಇದೆ. ದೊಡ್ಡವರ ಮುಂದೆ ಬಿಡಿಸಿ ಹೇಳಲಾರೆ.

ಚಿಕ್ಕಪ್ಪ: ಸಾಕು ಸಾಕು.

ನಾನು: ಒಂದೇ ಮಾತು. ಶಾಪವೇ ಇರಲಿ. ವಿರಾಟರಾಜ ಬೃಹನ್ನಳೆಯನ್ನು ನಂಬಿ ಮಗಳು ಉತ್ತರೆಯನ್ನೇ ಪಾಠಕ್ಕೆ ಬಿಟ್ಟ. ನಾವು ಮನೆ ಕೇಳಿ ಬಂದ ಮಂಗಳಮುಖಿಗೆ ಒಂದು ಮಹಡಿ ಮನೆ ಬಾಡಿಗೆಗೆ ಕೊಡಲಿಲ್ಲ.

ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಅತ್ತೆ: ಆ ಹುಡುಗಿ ಅಡ್ವಾನ್ಸ್ ದುಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಎಣಿಸಿ ತಂದಿದ್ದಳು. ಕಾಫಿ ಕೊಟ್ಟು ಕಳಿಸಿದೆವು. ಅವಳು ಕುಡಿದ ಲೋಟ ತಾನೇ ತೊಳೆದಿಟ್ಟು ಹೋದಳು. ಗೃಹಪ್ರವೇಶಕ್ಕೆ ಮಾತ್ರ ಅವರೇ ಬಂದು ಹರಸಬೇಕು.

ಚಿಕ್ಕಪ್ಪ: ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ, ಅಷ್ಟೇ.

ಚಿಕ್ಕಮ್ಮ: ಅಕ್ಕಪಕ್ಕದವರು ಯಾರೂ ಕೇಳಲಿಲ್ಲ. ನೀವೇ ಅಂದುಕೊಂಡಿರಿ. ಮನೆ ಇನ್ನೂ ಖಾಲಿ ಇದೆ, ಬಚ್ಚಲ ನಲ್ಲಿ ಬೇರೆ ಸೋರುತ್ತಿದೆ.

ವಿಡಿಯೋ ಗುಂಪಿನಲ್ಲಿ ಹಾಗೇ ಇದೆ. ಮಧ್ಯಾಹ್ನ ಚಿಕ್ಕಪ್ಪ ಪ್ಲಂಬರ್ ನಂಬರ್ ಕೇಳಿದರು.