ಹಳೆ ನಾಣ್ಯದ ಬೆಲೆ: ಶೆಣೈ ಮಾಮ್ ಅವರನ್ನು ಕೇಳಿ

ಅಡ್ಮಿನ್: ಮಂಗಳೂರು ರಥಬೀದಿಯ ನಾಣ್ಯ ವ್ಯಾಪಾರಿ ಶೆಣೈಯವರು ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಎರಡೂ ಮುಖದ ಫೋಟೊ ಹಾಕಿ. ಸುಮ್ನೆ "ರೇಟ್ ಎಷ್ಟು" ಅಂತ ಮಾತ್ರ ಕೇಳಬೇಡಿ.

ದಿನೇಶ್, ಸುರತ್ಕಲ್: ವೈಷ್ಣೋದೇವಿ ಚಿತ್ರದ 5 ರೂಪಾಯಿ ಉಂಟು. ರೇಟ್ ಎಷ್ಟು?

ಶೆಣೈ: ಐದು ರೂಪಾಯಿ. ಹೊಚ್ಚ ಹೊಸದಿದ್ದರೆ ಹವ್ಯಾಸದವರು ಸ್ವಲ್ಪ ಜಾಸ್ತಿ ಕೊಟ್ಟಾರು.

ಪ್ರಮೀಳಾ, ಕಟಪಾಡಿ: ಅಜ್ಜನ ಪೆಟ್ಟಿಗೆಯಲ್ಲಿ 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ ಸಿಕ್ಕಿದೆ. ಇಷ್ಟು ಹಳೆಯದಕ್ಕೆ ಲಕ್ಷ ಬರಬೇಕಲ್ವಾ?

ಶೆಣೈ: ಹಳತು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ ಅಕ್ಕ. ಇದನ್ನು ರಾಶಿ ರಾಶಿ ಹೊಡೆದಿದ್ದಾರೆ. ನಿಮ್ಮದು ಸವೆದಿದೆ. ನೂರೋ ಇನ್ನೂರೋ. ಅಜ್ಜನ ನೆನಪಿಗೆ ಇಟ್ಟುಕೊಳ್ಳಿ.

ರಾಬರ್ಟ್, ಕುಲಶೇಖರ: ನಮ್ಮ ಅಜ್ಜ ಹಡಗಿನಲ್ಲಿ ಕೆಲಸಕ್ಕಿದ್ದರು. ಅವರು ತಂದ ದೊಡ್ಡ ಇಂಗ್ಲಿಷ್ ಪೆನ್ನಿ, 1919ರದ್ದು. ಒಂದು ಕಡೆ ರಾಜ, ಇನ್ನೊಂದು ಕಡೆ ತ್ರಿಶೂಲ ಹಿಡಿದು ಕೂತ ಹೆಂಗಸು. ಅವಳ ಹಿಂದೆ ಮಸುಕಾಗಿ ಒಂದು ತಲೆಯ ನೆರಳು ಕಾಣುತ್ತದೆ. ಇದು ತಪ್ಪಾಗಿ ಅಚ್ಚಾದದ್ದಾ? ಇಂಥದ್ದಕ್ಕೆ ಲಕ್ಷಗಟ್ಟಲೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು.

ಶೆಣೈ: ಇದು ನೋಡಿ ಪ್ರಶ್ನೆ! ಆ ನೆರಳು ರಾಜನದ್ದೇ, ಐದನೇ ಜಾರ್ಜ್‌ನ ತಲೆ. ಅಚ್ಚಿನಲ್ಲಿ ತಲೆಯನ್ನು ತೀರಾ ಆಳವಾಗಿ ಕೊರೆದಿದ್ದರು. ಹೊಡೆತ ಬಿದ್ದಾಗ ಲೋಹ ಆ ಗುಳಿಗೆ ಇಳಿದು, ಹಿಂದಿನ ಮುಖ ಪೂರ್ತಿ ತುಂಬುತ್ತಿರಲಿಲ್ಲ. ಅದಕ್ಕೇ ಆ ತ್ರಿಶೂಲದ ಹೆಂಗಸಿನ, ಅಂದರೆ ಬ್ರಿಟಾನಿಯಾಳ, ಹಿಂದೆ ತಲೆಯ ಅಂಚು ಕಾಣುವುದು. ಆ ಕಾಲದ ಪೆನ್ನಿಗಳಲ್ಲಿ ಇದು ಮಾಮೂಲು, 1920ರ ದಶಕದಲ್ಲಿ ತಲೆಯನ್ನು ತಿದ್ದಿದ ಮೇಲೆ ಕಮ್ಮಿಯಾಯಿತು. ನೆರಳಿಗೆ ದುಡ್ಡಿಲ್ಲ.

ಆದರೆ ನಿಮ್ಮ ಇಸವಿ ಚೆನ್ನಾಗಿದೆ. ಆ ವರ್ಷ ಲಂಡನ್ ಟಂಕಸಾಲೆಯ ಜೊತೆ ಬರ್ಮಿಂಗ್‌ಹ್ಯಾಮ್‌ನ ಎರಡು ಖಾಸಗಿ ಕಾರ್ಖಾನೆಗಳೂ ಪೆನ್ನಿ ಹೊಡೆದವು. ಹೀಟನ್‌ನವರ ಗುರುತು 'ಎಚ್', ಕಿಂಗ್ಸ್ ನಾರ್ಟನ್‌ನವರದ್ದು 'ಕೆಎನ್'. ಇಸವಿಯ ಎಡಕ್ಕೆ ತೀರಾ ಸಣ್ಣದಾಗಿ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ತೂಕ 9.4 ಗ್ರಾಂ ಹತ್ತಿರ ಇರಬೇಕು, ಅಗಲ 31 ಮಿಲಿಮೀಟರ್ ಹತ್ತಿರ. ಅಕ್ಷರ ಇಲ್ಲದ ಸವೆದ ಪೆನ್ನಿಗೆ ಇಂಗ್ಲೆಂಡಿನಲ್ಲಿಯೇ ಕೇಳುವವರಿಲ್ಲ. ಕೆಎನ್ ಇದ್ದು, ರಾಜನ ಕೂದಲಿನ ಎಳೆ ಎದ್ದು ಕಂಡರೆ ನೂರಾರು ಪೌಂಡ್ ಆಗುತ್ತದೆ. ಅದೇ ಕೆಎನ್ ಸವೆದಿದ್ದರೆ ಆ ಬೆಲೆ ಇಲ್ಲ. ವಿಡಿಯೊದವರು ಲಕ್ಷ ಅನ್ನುವುದು 1933ರ ಪೆನ್ನಿಗೆ. ಆ ವರ್ಷ ಚಲಾವಣೆಗೆ ಪೆನ್ನಿ ಬೇಕಿರಲಿಲ್ಲ, ಬೆರಳೆಣಿಕೆಯಷ್ಟು ಮಾತ್ರ ಹೊಡೆದರು. ಬೇರೆ ಇಸವಿಯ ಕೊನೆಯ ಅಂಕಿ ತೀಡಿ 33 ಮಾಡಿದ್ದೂ ಬರುತ್ತದೆ, ಜಾಗ್ರತೆ.

ಸುಮತಿ, ಬ್ರಹ್ಮಾವರ: ರಾಬರ್ಟ್, ಮೊದಲು ಬಿಂಬುಳಿ ರಸದಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬೂದಿ ಹಾಕಿ ತಿಕ್ಕಿ. ಅಕ್ಷರ ಸ್ಪಷ್ಟ ಕಾಣುತ್ತದೆ. ಫಾರ್ವರ್ಡ್ ಆಗಿ ಬಂದದ್ದು, ತುಂಬಾ ಒಳ್ಳೆಯದುಂಟು.

ಶೆಣೈ: ಬೇಡ! ಬಿಂಬುಳಿ ಬೇಡ, ಹುಣಸೆಹುಳಿ ಬೇಡ, ಟೂತ್‌ಪೇಸ್ಟ್ ಬೇಡ. ಆ ಕಂದು ಬಣ್ಣಕ್ಕೇ ಜನ ದುಡ್ಡು ಕೊಡುವುದು. ಒಮ್ಮೆ ತಿಕ್ಕಿದರೆ ಹೋಯಿತು, ಮತ್ತೆ ಬರುವುದಿಲ್ಲ. ಅದು ನಾಣ್ಯ ಮಾರಾಯ್ರೆ, ಚೆಂಬಲ್ಲ.

ಸುಮತಿ, ಬ್ರಹ್ಮಾವರ: ನಾವು ದೇವರ ಪಾತ್ರೆ ತೊಳೆಯುವುದೂ ಹಾಗೆಯೇ. ಏನೂ ಹಾಳಾಗಿಲ್ಲ.

ನವೀನ್, ಮಣಿಪಾಲ: ಅಕ್ಕ, ಪಾತ್ರೆಯನ್ನು ಯಾರೂ ಹರಾಜಿಗೆ ಇಡುವುದಿಲ್ಲ.

ಸುಮತಿ, ಬ್ರಹ್ಮಾವರ: ನಿಮ್ಮನ್ನು ಕೇಳಿದ್ದಲ್ಲ.

ದಿನೇಶ್, ಸುರತ್ಕಲ್: ವೈಷ್ಣೋದೇವಿ 10 ರೂಪಾಯಿಯದ್ದಾದರೆ?

ಶೆಣೈ: ಹತ್ತು.

ಗಣೇಶ, ಮೂಡುಬಿದಿರೆ: 1818ರ ಒಂದಾಣೆ, ರಾಮ ಸೀತೆ ಹನುಮಂತ ಇದ್ದಾರೆ. ಅಯಸ್ಕಾಂತದ ಹಾಗೆ ಅಕ್ಕಿಯನ್ನು ಎಳೆಯುತ್ತದಂತೆ. ಒಬ್ಬರು 3 ಲಕ್ಷ ಅಂದರು.

ಶೆಣೈ: ನಕಲಿ. ಕಂಪನಿ ಅಂಥ ಆಣೆ ಹೊಡೆದೇ ಇಲ್ಲ. ಜಾತ್ರೆಯಲ್ಲಿ ಮಾರುವ ಬಿಲ್ಲೆ.

ಗಣೇಶ, ಮೂಡುಬಿದಿರೆ: ನಮ್ಮ ದೇವರ ಕೋಣೆಯಲ್ಲಿರುವುದನ್ನು ನಕಲಿ ಅನ್ನಬೇಡಿ.

ನವೀನ್, ಮಣಿಪಾಲ: ಪೂಜೆ ಮಾಡಿ, ಯಾರು ಬೇಡ ಅಂದರು? 3 ಲಕ್ಷ ಕೇಳಬೇಡಿ ಅಷ್ಟೆ.

ಗಣೇಶ, ಮೂಡುಬಿದಿರೆ: ಕಂಪನಿಯವರು ದೇವರ ಚಿತ್ರ ಹಾಕುತ್ತಲೇ ಇರಲಿಲ್ಲವಾ? ಮೂರು ಸ್ವಾಮಿ ಪಗೋಡ ಮತ್ತೆಂತ?

ಶೆಣೈ: ಅದು ಮದ್ರಾಸಿನ ಚಿನ್ನದ ನಾಣ್ಯ. ಆಣೆಯಲ್ಲ. ನಿಮ್ಮದರಲ್ಲಿ ಚಿನ್ನ ಉಂಟಾ?

ನವೀನ್, ಮಣಿಪಾಲ: 😂

ಗಣೇಶ, ಮೂಡುಬಿದಿರೆ: ನಗುವವರು ನಗಲಿ. ದೊಡ್ಡವರ ಹತ್ತಿರ ಮಾತಾಡುವ ಕ್ರಮ ಕಲಿಯಲಿಲ್ಲವಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಇಸ್ಮಾಯಿಲ್, ಬಂಟ್ವಾಳ: ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು ಉಂಟು. ಆನೆ ಎಡಕ್ಕೆ ನೋಡಿದರೆ ಬೆಲೆ ಜಾಸ್ತಿಯಾ?

ರಾಬರ್ಟ್, ಕುಲಶೇಖರ: ಮಾಮ್, ಇಸವಿಯ ಎಡಕ್ಕೆ ಎಚ್ ಕಾಣುತ್ತದೆ. ತೂಕ 9.3. ರಾಜನ ಕಿವಿ ಇದೆ, ಕೂದಲು ನುಣ್ಣಗಾಗಿದೆ.

ಶೆಣೈ: ಹೀಟನ್. ಕೆಎನ್‌ನಷ್ಟು ಅಪರೂಪವಲ್ಲ, ಆದರೂ ಬರೀ ಪೆನ್ನಿಗಿಂತ ಮೇಲು. ಈ ಅಚ್ಚಿನವು ಹೊಡೆಯುವಾಗಲೇ ಮಸುಕಾಗಿ ಬರುವುದುಂಟು. ಸವೆತವೋ ಅಚ್ಚಿನ ದೋಷವೋ ಅಂತ ಕೈಯಲ್ಲಿ ಹಿಡಿದೇ ಹೇಳಬೇಕು. ಅಂಚು ಹಿಡಿದು ಎತ್ತಿ, ಕಾಗದದ ಪೊಟ್ಟಣದಲ್ಲಿ ತನ್ನಿ. ಮೆತ್ತಗಿನ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ನಮ್ಮ ಮಳೆಗಾಲಕ್ಕೆ ಹಸಿರು ಅಂಟು ಹಿಡಿಯುತ್ತದೆ.

ವಿದ್ಯಾ, ಹೆಬ್ರಿ: ಅಪ್ಪನ ಹತ್ತಿರ ಮೂರು ಒಟ್ಟೆ ಮುಕ್ಕಾಲು (ನಡುವೆ ತೂತಿರುವ ಹಳೆ ಕಾಸು) ಉಂಟು. ರಿಸರ್ವ್ ಬ್ಯಾಂಕಿನವರಂತೆ, ಫೋನ್ ಮಾಡಿ 8 ಲಕ್ಷ ಕೊಡುತ್ತೇವೆ ಅಂದರು. ನೋಂದಣಿಗೆ 2,150 ಕಟ್ಟಿ ಆಗಿದೆ. ಈಗ ತೆರಿಗೆಗೆ 12,500 ಕೇಳುತ್ತಿದ್ದಾರೆ. ಕಟ್ಟಬಹುದಾ?

ಶೆಣೈ: ಒಂದು ಪೈಸೆ ಕಳಿಸಬೇಡಿ. ಉಳಿದವರು ಸ್ವಲ್ಪ ಸುಮ್ಮನಿರಿ, ಇದು ಮುಖ್ಯ. ರಿಸರ್ವ್ ಬ್ಯಾಂಕ್ ಹಳೆ ನಾಣ್ಯ ಕೊಳ್ಳುವ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. 2021ರಲ್ಲಿ ಅವರೇ ಪ್ರಕಟಣೆ ಕೊಟ್ಟು ಎಚ್ಚರಿಸಿದ್ದಾರೆ. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಅಪ್ಪನ ಬ್ಯಾಂಕಿಗೂ ತಿಳಿಸಿ. ಓಟಿಪಿ, ಆಧಾರ್ ಎಂತಾದರೂ ಕೊಟ್ಟಿದ್ದಾರಾ ಕೇಳಿ. ಆ ಮುಕ್ಕಾಲು 1943ರಿಂದ 47ರವರೆಗಿನದ್ದು. ಯುದ್ಧದ ಕಾಲ, ಲೋಹ ಉಳಿಸಲು ನಡುವೆ ತೂತು ಬಿಟ್ಟರು. ನನ್ನ ಅಂಗಡಿಯಲ್ಲಿ ಒಂದು ಡಬ್ಬಿ ತುಂಬ ಉಂಟು. ಯಾರೂ 8 ಲಕ್ಷ ಕೊಡಲು ಬಂದಿಲ್ಲ.

ಸುಮತಿ, ಬ್ರಹ್ಮಾವರ: ನಮ್ಮ ಗುಂಪಿಗೆ ಬಂದ ಮೆಸೇಜಿನಲ್ಲಿ 10 ಲಕ್ಷ ಅಂತ ಇತ್ತು.

ಶೆಣೈ: ಅಂಥದ್ದನ್ನು ಓದಿಯೇ ಇವರ ಅಪ್ಪ ದುಡ್ಡು ಕಟ್ಟಿದ್ದು ಅಕ್ಕ. ದಯವಿಟ್ಟು ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.

ವಿದ್ಯಾ, ಹೆಬ್ರಿ: ದೂರು ಕೊಟ್ಟೆ. ಆದರೆ ಅಪ್ಪ ಒಪ್ಪುತ್ತಿಲ್ಲ. ಆ ಮನುಷ್ಯ ಫೋಟೊ, ಸೀಲು ಇರುವ ಗುರುತಿನ ಚೀಟಿ ಕಳಿಸಿದ್ದಾನೆ.

ಶೆಣೈ: ಇಂಥ ಚೀಟಿ ನನಗೂ ಬಂದಿದೆ. ಫೋನ್ ಅಪ್ಪನ ಕೈಗೆ ಕೊಡಿ, ನಾನೇ ಮಾತಾಡುತ್ತೇನೆ.