5% ಅಂದರೆ 0.5 ಯಾಕಲ್ಲ? ಗಣಿತದ ಮೇಡಂಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಮಸ್ತೆ ಮೇಡಂ. ಮಗಳು ಶೇಕಡಾವನ್ನು ದಶಮಾಂಶಕ್ಕೆ ಬದಲಿಸುವ ಲೆಕ್ಕ ಮಾಡುತ್ತಿದ್ದಾಳೆ. 45% ಕೊಟ್ಟರೆ 0.45 ಅಂತ ಸರಿಯಾಗಿ ಬರೆಯುತ್ತಾಳೆ, 5% ಬಂದರೆ 0.5 ಅನ್ನುತ್ತಾಳೆ. ಬಿಂದುವನ್ನು ಎರಡು ಸ್ಥಾನ ಎಡಕ್ಕೆ ಸರಿಸಬೇಕು ಅಂತ ಎಷ್ಟು ಹೇಳಿದರೂ ಅಷ್ಟೇ. ನಿಜ ಹೇಳಬೇಕೆಂದರೆ, ದಶಮಾಂಶದಿಂದ ಶೇಕಡಾಗೆ ವಾಪಸ್ ಹೋಗುವಾಗ ಎಡಕ್ಕೋ ಬಲಕ್ಕೋ ಅಂತ ನನಗೂ ಗೊಂದಲವಾಗುತ್ತದೆ.

ಉತ್ತರ: ನಮಸ್ತೆ. ಅವಳು 45%ಕ್ಕೆ ಸರಿ ಉತ್ತರ ಬರೆದಳು ಅಂದಮಾತ್ರಕ್ಕೆ ಅದು ಅವಳಿಗೆ ಗೊತ್ತಿದೆ ಅಂತ ತಿಳಿಯಬೇಡಿ. ಬಹುಶಃ ಅವಳು ಬಿಂದುವನ್ನು ಸರಿಸುತ್ತಲೇ ಇಲ್ಲ, ಕೊಟ್ಟ ಸಂಖ್ಯೆಯ ಮುಂದೆ ಸೊನ್ನೆ-ಬಿಂದು ಅಂಟಿಸುತ್ತಿದ್ದಾಳೆ. ಎರಡಂಕಿ ಸಂಖ್ಯೆಗೆ ಹಾಗೆ ಮಾಡಿದರೂ ಉತ್ತರ ಸರಿ ಬಂದುಬಿಡುತ್ತದೆ. ಒಂದೇ ಅಂಕಿ ಬಂದಾಗ ಗುಟ್ಟು ರಟ್ಟಾಗುತ್ತದೆ. 120% ಕೊಟ್ಟು ನೋಡಿ, 0.120 ಅಂತ ಬರೆದರೆ ನನ್ನ ಊಹೆ ಸರಿ.

ಎಡಕ್ಕೆ, ಬಲಕ್ಕೆ ಅನ್ನುವ ಸೂತ್ರವನ್ನು ಸ್ವಲ್ಪ ದಿನ ಬದಿಗಿಡಿ. ನನಗಂತೂ ಅದನ್ನು ಮೊದಲ ಪಾಠವಾಗಿ ಹೇಳಿಕೊಡುವುದೇ ಇಷ್ಟವಿಲ್ಲ. % ಚಿಹ್ನೆ ಕಂಡಲ್ಲೆಲ್ಲ ಅವಳು 'ನೂರನೇ ಒಂದು ಪಾಲು' ಅಂತ ಓದಲಿ. ಆಗ 5% ಅಂದರೆ ನೂರನೇ ಪಾಲುಗಳು ಐದು: 5 × 0.01 = 0.05. ಬಿಂದುವಿನ ನಂತರದ ಮೊದಲ ಸ್ಥಾನ ಹತ್ತನೇ ಪಾಲಿನದು, ಎರಡನೆಯದು ನೂರನೇ ಪಾಲಿನದು. 5 ಕೂರಬೇಕಾದದ್ದು ಎರಡನೆಯದರಲ್ಲಿ, ಹಾಗಾಗಿ ಮೊದಲನೆಯದಕ್ಕೆ ಸೊನ್ನೆ ಬರಲೇಬೇಕು. ಅವಳು 0.5 ಅಂತ ಬರೆದಾಗ 'ತಪ್ಪು' ಅನ್ನುವ ಬದಲು "ಇದು ಅರ್ಧ ಅಲ್ವಾ? ಹಾಗಾದರೆ 50% ಎಷ್ಟು?" ಅಂತ ಕೇಳಿ. ಉಳಿದದ್ದನ್ನು ಅವಳೇ ಸರಿಮಾಡಿಕೊಳ್ಳುತ್ತಾಳೆ.

ಇನ್ನು ನಿಮ್ಮ ಗೊಂದಲ. ಒಂದೇ ಪ್ರಮಾಣವನ್ನು ಎರಡು ರೀತಿ ಬರೆದಾಗ, % ಇರುವ ಕಡೆಯ ಸಂಖ್ಯೆ ಯಾವಾಗಲೂ ನೂರು ಪಟ್ಟು ದೊಡ್ಡದು. 0.07ಕ್ಕೆ % ಹಚ್ಚಬೇಕೆಂದರೆ ಸಂಖ್ಯೆ ಬೆಳೆಯಬೇಕು: 7%. ಚಿಹ್ನೆ ತೆಗೆಯಬೇಕೆಂದರೆ ಕುಗ್ಗಬೇಕು. ದಿಕ್ಕು ನೆನಪಿಡುವ ತಾಪತ್ರಯವೇ ಇಲ್ಲ.

ಇನ್ನೊಬ್ಬರು: 0.5% ಅಂತ ಕೊಟ್ಟರೆ? ಅದು ಆಗಲೇ ದಶಮಾಂಶದಲ್ಲೇ ಇದೆಯಲ್ಲ ಮೇಡಂ?

ಉತ್ತರ: ಬಿಂದು ಇದೆ, ನಿಜ. ಆದರೆ % ಇನ್ನೂ ಹೋಗಿಲ್ಲವಲ್ಲ! 0.5 × 0.01 = 0.005. ಅಂದರೆ ಸಾವಿರಕ್ಕೆ ಐದು. ಇದನ್ನು 0.5 ಅಂತಲೇ ತೆಗೆದುಕೊಂಡರೆ ಉತ್ತರ ನೂರು ಪಟ್ಟು ಹೆಚ್ಚಾಗುತ್ತದೆ, ಬಡ್ಡಿ ಲೆಕ್ಕದಲ್ಲಿ ಅದು ಚಿಕ್ಕ ವಿಷಯವಲ್ಲ. 12½% ಬಂದರೆ ಮೊದಲು 12.5% ಮಾಡಿಕೊಳ್ಳಿ, ಆಮೇಲೆ 0.125.

33⅓% ಮಾತ್ರ ದಶಮಾಂಶದಲ್ಲಿ ಮುಗಿಯುವುದೇ ಇಲ್ಲ, 0.333… ಅಂತ ಸಾಗುತ್ತಲೇ ಇರುತ್ತದೆ. ಅದನ್ನು 0.33ಕ್ಕೆ ಕತ್ತರಿಸಿ 9000ದಿಂದ ಗುಣಿಸಿದರೆ 2970 ಬರುತ್ತದೆ, ಬರಬೇಕಾದದ್ದು 3000. ಇಂಥ ಕಡೆ ದಶಮಾಂಶದ ಗೊಡವೆ ಬಿಟ್ಟು 3ರಿಂದ ಭಾಗಿಸುವುದೇ ಒಳ್ಳೆಯದು.

ಮತ್ತೊಬ್ಬರು: ಮೇಡಂ, ಆಫೀಸಿನಲ್ಲಿ ಎಕ್ಸೆಲ್ ಶೀಟ್ ಮಾಡುವಾಗ 18 ಅಂತ ಟೈಪ್ ಮಾಡಿ ಮೇಲಿರುವ % ಬಟನ್ ಒತ್ತಿದೆ. 1800% ಅಂತ ಬಂತು! ಸಾಫ್ಟ್‌ವೇರ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ, ನಿಮಗಿಂತ ಕಟ್ಟುನಿಟ್ಟಾಗಿದೆ ಅಷ್ಟೇ. ನೀವು ಹಾಕಿದ್ದು 18, ಅಂದರೆ ಹದಿನೆಂಟು ಪೂರ್ಣ. ಒಂದು ಪೂರ್ಣ 100% ಆದರೆ ಹದಿನೆಂಟು ಪೂರ್ಣ 1800% ತಾನೇ? ಆ ಬಟನ್ ಬೆಲೆಯನ್ನು ಮುಟ್ಟುವುದಿಲ್ಲ, ತೋರಿಸುವ ರೀತಿಯನ್ನಷ್ಟೇ ಬದಲಿಸುತ್ತದೆ. ಸೆಲ್‌ನಲ್ಲಿ ಚಿಹ್ನೆ ಸಮೇತ 18% ಅಂತಲೇ ಟೈಪ್ ಮಾಡಿ. ಒಳಗೆ 0.18 ಉಳಿಯುತ್ತದೆ, ಹೊರಗೆ 18% ಕಾಣುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಪೇಚಾಟವೂ ಉಂಟು. ಸೆಲ್‌ನಲ್ಲಿ 0.125 ಇದ್ದು, ದಶಮಾಂಶ ಸ್ಥಾನ ತೋರಿಸದ ಹಾಗೆ ಇಟ್ಟಿದ್ದರೆ ಪರದೆಯ ಮೇಲೆ 13% ಅಂತ ಕಾಣುತ್ತದೆ. ಲೆಕ್ಕ ನಡೆಯುವುದು 12.5%ರಲ್ಲೇ. ಕಂಡ 13ನ್ನು ನಂಬಿ ಕೈಯಲ್ಲಿ ತಾಳೆ ನೋಡಿದವರು ತಲೆ ಕೆರೆದುಕೊಳ್ಳುತ್ತಾ ಕೂರುತ್ತಾರೆ. ದಶಮಾಂಶ ಸ್ಥಾನ ಹೆಚ್ಚಿಸುವ ಬಟನ್ ಒತ್ತಿ ನೋಡಿ, ನಿಜ ಬೆಲೆ ಕಾಣುತ್ತದೆ.

ಅವರೇ: ಕ್ಯಾಲ್ಕುಲೇಟರಿನಲ್ಲೂ ಹೀಗೇನಾ? 200 + 10% ಒತ್ತಿದರೆ ಒಂದರಲ್ಲಿ 220, ಇನ್ನೊಂದರಲ್ಲಿ 200.1.

ಉತ್ತರ: ಮೊದಲನೆಯದು '200ರ 10% ಕೂಡಿಸು' ಅಂತ ಅರ್ಥಮಾಡಿಕೊಂಡಿದೆ. ಎರಡನೆಯದು 10%ವನ್ನು ಬರೀ 0.1 ಅಂತ ಓದಿದೆ. ನಾನು ಆ ಕೀಲಿಯ ತಂಟೆಗೇ ಹೋಗುವುದಿಲ್ಲ. 200 × 1.1 ಒತ್ತಿ, ಯಾವ ಕ್ಯಾಲ್ಕುಲೇಟರಾದರೂ 220 ಕೊಡುತ್ತದೆ.

ಪ್ರಶ್ನೆ: ಶೇಕಡಾದಲ್ಲೇ ಲೆಕ್ಕ ಮುಗಿಸಿದರಾಗದೇ ಮೇಡಂ? ದಶಮಾಂಶಕ್ಕೆ ಬದಲಿಸುವ ಕಷ್ಟ ಯಾಕೆ?

ಉತ್ತರ: ಒಂದೇ ಸಲದ ಲೆಕ್ಕವಾದರೆ ಬೇಡ. ಒಂದರ ಮೇಲೊಂದು ಶೇಕಡಾ ಬಂದಾಗ ಬೇಕಾಗುತ್ತದೆ. ಮೊದಲು 20% ರಿಯಾಯಿತಿ, ಉಳಿದದ್ದರ ಮೇಲೆ ಮತ್ತೆ 10% ಅಂದರೆ ಹೆಚ್ಚಿನವರು 30% ಅಂದುಬಿಡುತ್ತಾರೆ. ಕೊಡಬೇಕಾದ ಪಾಲನ್ನು ದಶಮಾಂಶದಲ್ಲಿ ಬರೆಯಿರಿ: 0.8 × 0.9 = 0.72. ಸಿಕ್ಕಿದ ರಿಯಾಯಿತಿ 28%. ಮೊದಲು 10% ಕೊಟ್ಟು ಆಮೇಲೆ 20% ಕೊಟ್ಟರೂ ಅಷ್ಟೇ, ಗುಣಾಕಾರದಲ್ಲಿ ಹಿಂದುಮುಂದಾದರೆ ವ್ಯತ್ಯಾಸವಿಲ್ಲ. ಹಾಗೆಯೇ 10% ಏರಿ 10% ಇಳಿದದ್ದು ಮೊದಲಿನ ಜಾಗಕ್ಕೆ ಬರುವುದಿಲ್ಲ: 1.1 × 0.9 = 0.99, ಅಂದರೆ 1% ನಷ್ಟ. ಬೆಲೆಗಳ ಏರಿಳಿತದ ಸುದ್ದಿ ಓದುವಾಗ ಈ ಎರಡು ಗುಣಾಕಾರಗಳನ್ನು ನೀವೇ ಮಾಡಿ ನೋಡಿ.